ಮಾಗಡಿಯಿಂದ ದುಬೈ ಎಷ್ಟು ದೂರ?

ದೂರ ಅಳೆಯೋದ್ರಲ್ಲಿ ಮಾಗಡಿ ಸೀಮೆಯಲ್ಲೇ ನನ್ನ ಸಮ ಇನ್ನೊಬ್ಬನಿಲ್ಲ. ಅದಕ್ಕೇ ಏನೋ, ದಾರಿಯ ಎಡವಟ್ಟುಗಳೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ.

ಅರ್ಧ ದಾರಿ

ಅಕ್ಕನ ಮಗಳಿಗೆ ದುಬೈನಲ್ಲಿ ಹೆರಿಗೆ ಆಪರೇಷನ್ನು, ಮಧ್ಯಾಹ್ನ ಎರಡು ಗಂಟೆಗೆ. "ಅವ್ವನ ಮಖ ನೋಡ್ದೆ ಒಳಕ್ಕೆ ಹೋಗಕಿಲ್ಲ" ಅಂತ ಹುಡುಗಿ ಫೋನಲ್ಲಿ ಒಂದೇ ಸಮ ಅಳು. ನಮಗೆ ವೀಸಾ ಬಂದದ್ದೇ ಹಿಂದಿನ ದಿನ. ಅಕ್ಕನ ಜೊತೆಗೆ ಇನ್ಯಾರು, ನಾನೇ ಹೊರಟೆ.

"ಎಷ್ಟು ದೂರ ಐತ್ಲಾ?" ಅಂದಳು ಅಕ್ಕ.

"ಇಲ್ಲಿಂದ ಬೆಂಗಳೂರು ಏರ್‌ಪೋರ್ಟಿಗೆ ಬಸ್ಸಲ್ಲಿ ನಾಕು ಗಂಟೆ. ಅಲ್ಲಿಂದ ದುಬೈ ಏರ್‌ಪೋರ್ಟಿಗೂ ನಾಕೇ ಗಂಟೆ. ಅಂದ್ಮೇಲೆ ಬೆಂಗಳೂರು ಅರ್ಧ ದಾರಿ ಕಣಕ್ಕ."

"ಹಂಗಾದ್ರೆ ಇನ್ನರ್ಧಾನೂ ಬಸ್ಸಲ್ಲೇ ಹೋಗನ ಬುಡು. ಕಿಟಕಿನಾದ್ರೂ ತೆಗೀಬೋದು."

ಪರಸ್ತಾನ

ಹೊರಡುವ ದಿನ ಗಳಿಗೆ ಚೆನ್ನಾಗಿರಲಿಲ್ಲ. ಅದಕ್ಕೆ ನಮ್ಮ ಕಡೆ ಒಂದು ಉಪಾಯ ಉಂಟು: ಹಿಂದಿನ ದಿನವೇ ಒಳ್ಳೆ ಹೊತ್ತಲ್ಲಿ ಒಂದು ಬ್ಯಾಗನ್ನು ಪಕ್ಕದ ಮನೆಗೆ ಸಾಗಿಸಿಬಿಟ್ಟರೆ ಪ್ರಯಾಣ ಶುರುವಾದ ಲೆಕ್ಕ. ಹಂಗೇ ಮಾಡಿದೆವು.

ಬೆಳಗಿನ ಜಾವ ಕಾರು ತಾವರೆಕೆರೆ ದಾಟುವಾಗ ಅಕ್ಕ ಚೀರಿದಳು, "ಪಾಸ್‌ಪೋರ್ಟು ಆ ಬ್ಯಾಗಲ್ಲೇ ಐತೆ ಕಣ್ಲಾ!"

ತಿರುಗಿಸಿಕೊಂಡು ಬಂದೆವು. ಪಕ್ಕದ ಮನೆಯಾಕೆ ಬ್ಯಾಗು ಹಿಡಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಬ್ಯಾಗು ನೆನ್ನೇನೇ ಹೊಂಟೈತೆ. ನೀವಿನ್ನೂ ಹೊಂಟಿಲ್ವಾ?"

ಟ್ರಾಫಿಕ್ಕು

ಆದರೂ ಹತ್ತು ಗಂಟೆಯ ವಿಮಾನ ಸಿಕ್ಕಿತು. ಮುಂದಿನ ಸೀಟಿನ ಬೆನ್ನಿಗೆ ಪುಟ್ಟ ಟಿ.ವಿ. ಅದರಲ್ಲಿ ನೀಲಿ ಸಮುದ್ರ, ಮೇಲೊಂದು ಬೊಂಬೆ ವಿಮಾನ. ಅಕ್ಕ ಅದನ್ನೇ ದುರುಗುಟ್ಟಿಕೊಂಡು ನೋಡಿದಳು.

"ಆಗ್ಲಿಂದ ನೋಡ್ತಿವ್ನಿ, ನಿಂತ ಕಡೇನೇ ನಿಂತೈತೆ. ನನ್ ಮಗ್ಳು ಅಲ್ಲಿ ಕಾಯ್ತವ್ಳೆ!"

ನಾನು ಗೊತ್ತಿಲ್ಲ ಅನ್ನೋ ಜಾತಿಯವನಲ್ಲ. "ಮುಂದೆ ಮೋಡ ಅಡ್ಡ ಐತೆ ಕಣಕ್ಕ. ಅದು ಹೋಗ್ಲಿ ಅಂತ ಡ್ರೈವರ್ರು ಕಾಯ್ತವ್ನೆ."

"ಹಾರನ್ ಹೊಡೆಯಾಕೆ ಏನಂತೆ ಅವನಿಗೆ ರೋಗ?"

ಎರಡು ಗಂಟೆ

ದುಬೈನಲ್ಲಿ ಇಳಿದಾಗ ನನ್ನ ಕೈಗಡಿಯಾರದಲ್ಲಿ ಸರಿಯಾಗಿ ಎರಡು. ಅಕ್ಕ ಅಲ್ಲೇ ನೆಲಕ್ಕೆ ಕುಕ್ಕರಿಸಿದಳು. "ಹೋಯ್ತು. ಮಗ್ಳು ನನ್ನ ಹುಡುಕ್ಕಂಡೇ ಒಳಕ್ಕೆ ಹೋಗಿರ್ತಾಳೆ." ಅವಳ ಅಳು ನೋಡಿ ನಾನೂ ಬ್ಯಾಗಿಟ್ಟು ಪಕ್ಕದಲ್ಲೇ ಕೂತೆ.

ಆಗ ಕರೆದೊಯ್ಯಲು ಬಂದಿದ್ದ ಅಳಿಯ ನಗುತ್ತಾ ಗೋಡೆ ಗಡಿಯಾರ ತೋರಿಸಿದ. ಹನ್ನೆರಡೂವರೆ! "ಇಲ್ಲಿ ಇನ್ನೂ ಟೈಮ್ ಐತೆ, ಬನ್ನಿ ಅತ್ತೆ" ಅಂದ.

ಅಕ್ಕ ನನ್ನ ಕಡೆ ತಿರುಗಿದಳು. "ನಾಕು ಗಂಟೆ ಅಂದೆ, ಎರಡೂವರೆ ಗಂಟೇಲೇ ಬಂದ್ಬುಟ್ವಿ. ಅದೆಂಗ್ಲಾ?"

"ಬರ್ತಾ ಇಳಿಜಾರು ಕಣಕ್ಕ."

ಆಸ್ಪತ್ರೆಯಲ್ಲಿ ಮಗಳು ಅವ್ವನ ಮುಖ ನೋಡಿ, ಕೈ ಹಿಸುಕಿ, ಒಳಕ್ಕೆ ಹೋದಳು. ಒಸಿ ಹೊತ್ತಿಗೆ ನರ್ಸು ಮೊಮ್ಮಗಳನ್ನು ತಂದು ಅಕ್ಕನ ಮಡಿಲಿಗಿಟ್ಟಳು. ಅಕ್ಕ ಅದರ ಹಣೆ ಸವರುತ್ತಾ ಅಂದಳು:

"ಸದ್ಯ, ಇಳಿಜಾರಿತ್ತು ಕಣವ್ವ. ಏರು ಇದ್ದಿದ್ರೆ, ನಮ್ಮನ್ನ ಕರ್ಕೊಂಡು ಹೋಗಾಕೆ ಏರ್‌ಪೋರ್ಟಿಗೆ ನೀನೇ ಬರ್ಬೇಕಿತ್ತು."