ಮಾವನ ರುಮಾಲು, ದಿಲ್ಲಿ ಸಾಹೇಬರ ಮೌನ

ದೊಡ್ಡ ದೊಡ್ಡ ವಿಚಾರಗಳು ಬಳ್ಳಾರಿ ಸ್ಟೇಷನ್ನಿನಲ್ಲಿ ಇಳಿದು, ಆಟೋದವನ ಜೊತೆ ಜಗಳವಾಡಿ, ಕಂಟೋನ್ಮೆಂಟಿನ ನಮ್ಮ ಬಂಗಲೆಗೆ ಬರುವುದು ಆಗಾಗ ಇದ್ದದ್ದೇ. ಬಂದ ವಿಚಾರಗಳಿಗೆ ಚಹಾ ಕೊಡುವವಳು ನಾನು. ಒಂದಾದರೂ ಸುಮ್ಮನೆ ಚಹಾ ಕುಡಿದು ಹೋಗಿದ್ದರೆ ಕೇಳಿ.

ಬಂಗಲೆ ಬ್ರಿಟಿಷರ ಕಾಲದ್ದು. ಈಗ ಅದರಲ್ಲಿ ಒಂದು ಅಧ್ಯಯನ ಕೇಂದ್ರ ನಡೆಯುತ್ತದೆ. ಎಲ್ಲ ಧರ್ಮಗಳೂ ಎಲ್ಲ ದೇಶದ ಪಂಡಿತರೂ ಹೇಳಿದ್ದು ಒಂದೇ, ಅದನ್ನು ಇಲ್ಲಿನ ಜನರ ಬದುಕಿಗೆ ಒಗ್ಗಿಸಿ ಹೇಳಿದರೆ ಸಾಕು ಎನ್ನುವುದು ಕೇಂದ್ರ ನಡೆಸುವ ನಮ್ಮ ಮೇಡಂ ಅವರ ನಂಬಿಕೆ. ಅವರು ಮೈಸೂರು ಕಡೆಯವರು. ಒಗ್ಗಿಸುವ ಕೆಲಸ ಅವರದು. ಒಗ್ಗದೇ ಹೋದಾಗ ಮಾತು ಕೇಳುವ ಕೆಲಸ ನನ್ನದು.

ನಾನು ಸ್ಥಳೀಯಳಾದದ್ದು

ಕಸ ಗುಡಿಸಿ, ಚಹಾ ಮಾಡಿ, ಬಂದವರಿಗೆ ಊಟ ಹಾಕುವ ಕೆಲಸ ಕೇಳಿಕೊಂಡು ಹೋದವಳು ನಾನು. ಮೇಡಂ ಕುರ್ಚಿ ತೋರಿಸಿ ಕೂರಿಸಿ, "ನಿಮ್ಮ ಜೀವನದೃಷ್ಟಿ ಏನು?" ಎಂದು ಕೇಳಿದರು.

"ಹತ್ತನೇ ಕ್ಲಾಸ್ ಪಾಸ್ ರೀ," ಅಂದೆ.

ಕೆಲಸ ಸಿಕ್ಕಿತು. ಆದರೆ ಅಂದಿನಿಂದ ನಾನು ಮನುಷ್ಯಳಾಗಿ ಉಳಿಯಲಿಲ್ಲ, ಸ್ಥಳೀಯಳಾದೆ. ಕೆಮ್ಮಿದರೂ ಅದರಲ್ಲಿ ಏನೋ ಸಂಸ್ಕೃತಿ ಕಾಣುತ್ತಿತ್ತು ಅವರಿಗೆ. ಹೊಸ್ತಿಲಲ್ಲಿ ನಿಂತರೆ, "ಹೊಸ್ತಿಲು ಅಂದ್ರೆ ನಿಮ್ಮಲ್ಲಿ ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗ, ಅಲ್ವಾ?" ಎನ್ನುವರು. ನಾನು ಒರೆಸಿದ ನೆಲ ಆರಲಿ ಅಂತ ನಿಂತಿರುತ್ತಿದ್ದೆ.

ಬಂಗಲೆಯ ಹಿಂದೆ ಒಂದು ಹಳೇ ಖೋಲಿ ಇದೆ. ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದರು. ನನಗೆ ಅದರ ಮೇಲೆ ಕಣ್ಣು. ನನ್ನ ಗಂಡ ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ದುಡಿದು ಅಲ್ಲೇ ಮಲಗುತ್ತಾನೆ. ಮೂರು ವರ್ಷದ ಮಗಳು ಕುರುಗೋಡಿನಲ್ಲಿ ಅತ್ತೆಯ ಹತ್ತಿರ. ನಾನು ದಿನಾ ಅಲ್ಲಿಂದ ಇಲ್ಲಿಗೆ ಬಸ್ಸಿನಲ್ಲಿ ನಿಂತು ಬಂದು, ನಿಂತೇ ವಾಪಸು ಹೋಗುವವಳು. ಮನೆ ಮುಟ್ಟುವಷ್ಟರಲ್ಲಿ ಮಗಳು ಮಲಗಿರುತ್ತಾಳೆ, ಹೊರಡುವಾಗ ಎದ್ದಿರುವುದಿಲ್ಲ. ಅವಳಿಗೆ ನಾನು ಹಬ್ಬಕ್ಕೆ ಬರುವ ನೆಂಟರ ಹಾಗೆ ಆಗಿದ್ದೆ. ಆ ಖೋಲಿ ಸಿಕ್ಕರೆ ಮೂವರೂ ಒಂದೇ ಸೂರಿನಡಿ ಮಲಗಬಹುದು.

ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕಿತು. ಮೇಡಂ ಖುಷಿಯಾಗಿ ಓಡಿಬಂದು, "ಹಾಲು ಉಕ್ಕಿಸೋದು ನಿಮ್ಮಲ್ಲಿ ಸಮೃದ್ಧಿಯ ಸಂಕೇತ ಅಲ್ವಾ?" ಅಂದರು. ಒಳ್ಳೇ ಹೊತ್ತು ಅಂತ ಖೋಲಿಯ ಮಾತು ತೆಗೆದೆ. "ನೋಡೋಣ, ದಿಲ್ಲಿಯಿಂದ ದೊಡ್ಡ ಸರ್ ಬರ್ತಾರೆ, ಅವರು ಒಪ್ಪಬೇಕು," ಅಂದವರು ಮತ್ತೆ ಹಾಲಿನ ಕಡೆ ತಿರುಗಿದರು. "ಅಂದಹಾಗೆ, ಇವತ್ತೇ ಉಕ್ಕಿಸಬೇಕು ಅಂತ ಏನಾದ್ರೂ ಕಾರಣ ಇತ್ತಾ?"

"ಇತ್ರೀ ಮೇಡಂ. ನನ್ನ ಗಂಡನ ಫೋನ್ ಬಂದಿತ್ತು."

ಸಿರುಗುಪ್ಪದ ಹಸಿದವನು

ಹಸಿದು ಬಂದ ಅಪರಿಚಿತನಿಗೆ ನಿನ್ನ ಪಾಲಿನಲ್ಲಿ ಅರ್ಧ ಕೊಡು ಎಂದು ಒಂದು ಪಾಠ. ಎಲ್ಲ ಧರ್ಮದಲ್ಲೂ ಇದೆಯಂತೆ. ಮೇಡಂ ಹತ್ತಿರ ಇದ್ದ ಕಥೆಯಲ್ಲಿ ಅವನಿಗೆ ಬ್ರೆಡ್ಡು ಕೊಡುತ್ತಾರೆ. "ಇದನ್ನು ಸ್ಥಳೀಯ ಮಾಡೋಣ. ನಿಮ್ಮಲ್ಲಿ ಏನು ಕೊಡ್ತೀರಿ?" ಎಂದು ಕೇಳಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಅಂದೆ. ಅದನ್ನೇ ಚಿತ್ರ ಬರೆಸಿ, ದೊಡ್ಡದಾಗಿ ಬಣ್ಣ ಹಚ್ಚಿಸಿ, ಸಿರುಗುಪ್ಪದ ಹತ್ತಿರದ ಒಂದು ಊರಿಗೆ ಹೊತ್ತುಕೊಂಡು ಹೋದೆವು.

ಹೆಣ್ಣುಮಕ್ಕಳೆಲ್ಲ ಕೂತು ಚಿತ್ರ ನೋಡಿದರು. ಮುಂದೆ ಕೂತಿದ್ದ ಹಿರಿಯಳೊಬ್ಬಳು ಬಾಯಿಬಿಟ್ಟಳು: "ಮನಿಗೆ ಬಂದಾವ್ಗ ಬರೇ ರೊಟ್ಟಿ ಯಾಕ್ ಕೊಟ್ರಿ? ಮನ್ಯಾಗ ಅಕ್ಕಿ ಇದ್ದಿದ್ದಿಲ್ಲೇನು?"

ಆ ಕಡೆಯೆಲ್ಲ ಕಾಲುವೆ ನೀರು, ಭತ್ತದ ಗದ್ದೆ. ಮೂರು ಹೊತ್ತೂ ಅನ್ನ. ಮೇಡಂ ನನ್ನ ಕಡೆ ತಿರುಗಿದರು. "ನೀವು ಸ್ಥಳೀಯರಲ್ವಾ?"

"ನಾನು ಕುರುಗೋಡಿಗೆ ಸ್ಥಳೀಯ ರೀ. ಇಲ್ಲಿ ನಾನೂ ನಿಮ್ಮಂಗ ಪರಸ್ಥಳದಾಕಿ."

ಮೇಡಂ ಸೋಲಲಿಲ್ಲ. "ಸರಿ, ಅನ್ನ ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಕೊಟ್ಟ."

"ಅರ್ಧ?" ಹಿರಿಯಳಿಗೆ ಸಿಟ್ಟೇ ಬಂತು. "ಅರ್ಧ ಹೊಟ್ಟಿಗೆ ಉಣಿಸಿ ಕಳಿಸ್ತಾರೇನ್ರೀ? ನಾಳೆ ಆತ ಊರಾಗೆಲ್ಲ ಹೇಳ್ಕೊಂಡು ತಿರುಗಿದ್ರ ನಮ್ಮ ಮರ್ಯಾದಿ ಏನಾಗಬೇಕು? ಕೊಟ್ರ ಹೊಟ್ಟಿ ತುಂಬ ಕೊಡ್ರಿ, ಇಲ್ಲಂದ್ರ ಬಾಜೂ ಮನಿ ತೋರಿಸ್ರಿ."

ಹಂಚಿಕೊಳ್ಳುವುದು ಯಾಕೆ ದೊಡ್ಡದು ಎಂದು ಮೇಡಂ ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹಿರಿಯಳು ಎದ್ದು ಹೋಗಿ ಎಲೆ ಹಾಕಿಸಿಯೇ ಬಿಟ್ಟಳು. ಅನ್ನ, ಸಾರು, ಮೇಲೆ ಗಟ್ಟಿ ಮೊಸರು. ಸಾಕು ಎಂದಷ್ಟೂ ಬಡಿಸಿದರು. ಮೇಡಂ ವಾಪಸು ಬರುವಾಗ ಕಾರಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋದರು.

ಪಾಠ ಅರ್ಧ ಉಳಿಯಿತು. ಅನ್ನ ಮಾತ್ರ ಒಂದಗುಳೂ ಉಳಿಯಲಿಲ್ಲ.

ಸುಖಕ್ಕೆ ಮಾರ್ಕ್ಸು

ಆಮೇಲೆ ಒಬ್ಬ ಸಂಶೋಧಕರು ಬಂದರು. ಮನುಷ್ಯನ ಸುಖ ಪ್ರಪಂಚದಲ್ಲೆಲ್ಲ ಒಂದೇ, ಅದನ್ನು ಅಳೆಯಬಹುದು ಎಂದು ಅವರ ವಾದ. ಹತ್ತಕ್ಕೆ ಎಷ್ಟು ಮಾರ್ಕ್ಸು ಎಂದು ಜನರನ್ನೇ ಕೇಳುವುದು. ಬೇರೆ ಎಲ್ಲಿಗೂ ಬೇಡವಾಗಿ ಅವರನ್ನು ಕರೆದುಕೊಂಡು ಹೋಗಿದ್ದು ಕುರುಗೋಡಿಗೆ, ನಮ್ಮ ಓಣಿಗೆ.

ನಮ್ಮ ಮಾವ ಎಂದಿನಂತೆ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ತಲೆಗೆ ಬಿಳೀ ರುಮಾಲು ಸುತ್ತಿಕೊಂಡು ಕೆಮ್ಮುತ್ತಾ ಕೂತಿದ್ದರು. ಓಣಿಯಲ್ಲಿ ಹಾಯುವವರೆಲ್ಲ ಅವರನ್ನು ಒಮ್ಮೆ ನೋಡಿ ಮುಂದೆ ಹೋಗುವುದು ರೂಢಿ. ಸಂಶೋಧಕರು ಅತ್ತೆಯನ್ನು ಕೇಳಿದರು, "ಅಮ್ಮಾ, ನೀವು ಎಷ್ಟು ಸುಖವಾಗಿದ್ದೀರಿ?"

ಮನೆಯಲ್ಲಿ ಎರಡು ಎಮ್ಮೆ ಹಾಲು ಕರೆಯುತ್ತಿದ್ದವು, ಮೆಣಸಿನಕಾಯಿಗೆ ಆ ವರ್ಷ ಒಳ್ಳೇ ರೇಟು, ಅತ್ತೆಯ ಕೈಯಲ್ಲಿ ಹೊಸಾ ಬಳೆ. ಅತ್ತೆ ಬಳೆಯ ಮೇಲೆ ಸೆರಗು ಎಳೆದುಕೊಂಡರು. "ನಮ್ದೇನೈತಪಾ ಸುಖ. ಹೆಂಗೋ ನಡದೈತಿ. ಸೊನ್ನಿ ಬರ್ಕೋ."

ಸುಖವಾಗಿದ್ದೇನೆ ಎಂದು ಪರಸ್ಥಳದವನ ಮುಂದೆ ಹೇಳಿ ದೃಷ್ಟಿ ಮಾಡಿಸಿಕೊಳ್ಳುವಷ್ಟು ದಡ್ಡರು ನಮ್ಮ ಓಣಿಯಲ್ಲಿ ಇಲ್ಲ. ಎಲ್ಲ ಮನೆಯಲ್ಲೂ ಸೊನ್ನೆ. ಸಂಶೋಧಕರ ಕಣ್ಣು ಒದ್ದೆಯಾಯಿತು. ಇಷ್ಟು ದುಃಖದ ಊರನ್ನು ತಾವು ನೋಡಿಯೇ ಇಲ್ಲ ಅಂದರು.

ನನಗೆ ತಡೆಯಲಿಲ್ಲ. "ಸರ್, ಪ್ರಶ್ನಿ ಸ್ವಲ್ಪ ಒಗ್ಗಿಸಿ ಕೇಳ್ರಿ. ಬಾಜೂ ಮನಿಯವ್ರು ಎಷ್ಟು ಸುಖ ಅದಾರ ಅಂತ ಕೇಳ್ರಿ."

ಮತ್ತೆ ಸುತ್ತು ಹಾಕಿದರು. ಪಕ್ಕದ ಮನೆಯಾಕೆಗೂ ನಮ್ಮ ಅತ್ತೆಗೂ ಬಚ್ಚಲ ನೀರಿನ ಜಗಳ ಯಾವತ್ತೂ ಇದ್ದದ್ದು. ಆಕೆ ಸಂಶೋಧಕರನ್ನು ಒಳಗೇ ಕರೆದು ಹೇಳಿದಳು, "ಇವ್ರ ಮನಿಗೇನ್ ಕಡಿಮಿ ಆಗೇತ್ರೀ? ಹತ್ತಕ್ಕ ಹನ್ನೆರಡು ಹಾಕ್ರಿ."

ಮೌನ

ಕೊನೆಗೆ ದಿಲ್ಲಿಯ ದೊಡ್ಡ ಸಾಹೇಬರು ಬಂದರು. ಬಿಳೀ ಮೀಸೆಯ ಮುದುಕರು. ಕನ್ನಡ ಒಂದಕ್ಷರ ಬಾರದು. ಮೌನ ಒಂದೇ ಎಲ್ಲ ಮನುಷ್ಯರ ಭಾಷೆ, ಅದಕ್ಕೆ ಅನುವಾದ ಬೇಡ ಎನ್ನುವುದು ಅವರ ವಿಚಾರ. ಹೆಣ್ಣುಮಕ್ಕಳ ಜೊತೆ ಕೂತು ಮೌನ ಮಾಡಬೇಕು, ಮನೆ ಯಾವುದು? ನಮ್ಮದೇ. "ಇದು ಚೆನ್ನಾಗಿ ನಡೆದರೆ ಖೋಲಿ ನಿಮ್ಮದು. ನಡುವೆ ಒಬ್ಬರೇ ಒಬ್ಬರು ಮಾತಾಡಿದರೂ ಎಲ್ಲ ಕೆಟ್ಟ ಹಾಗೆ," ಅಂದರು ಮೇಡಂ.

ಮಾವ ಕೆಮ್ಮುತ್ತಾರೆ ಎಂದು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಅಟ್ಟಿದೆ. ಮಗಳನ್ನು ಎಮ್ಮೆ ಮೇಯಿಸುವ ನೆಪದಲ್ಲಿ ನಾದಿನಿಯ ಜೊತೆ ಕಳಿಸಿದೆ. ಓಣಿಯ ನಾಲ್ಕಾರು ಹೆಂಗಸರನ್ನು ಕೈಮುಗಿದು ಕರೆತಂದು, ಮೌನ ಮುಗಿಯಿತೆಂದು ಮೇಡಂ ಗಂಟೆ ಹೊಡೆಯುವವರೆಗೂ ತುಟಿ ಬಿಚ್ಚಬಾರದು ಎಂದು ಆಣೆ ಹಾಕಿಸಿದೆ.

ಆಮೇಲೆ ಮೇಡಂ ಸಾಹೇಬರನ್ನು ಸ್ಥಳೀಯ ಮಾಡಲು ನಿಂತರು. ಹಣೆಗೆ ಮೂರು ಬೆರಳು ವಿಭೂತಿ. ಕೊರಳಿಗೆ ಗದ್ದ ಮುಚ್ಚುವಂಥ ಹಾರ. ಮೇಣದಬತ್ತಿ ಬೇಡ ಎಂದು ಲೋಬಾನದ ಹೊಗೆ. ಗೂಟದಲ್ಲಿ ಮಾವನ ಇನ್ನೊಂದು ರುಮಾಲು ಇತ್ತು, ಅದನ್ನೂ ತೆಗೆದು ತಲೆಗೆ ಸುತ್ತಿದರು. ಸಾಹೇಬರಿಗೆ ಬೆನ್ನುನೋವು, ಮಾವ ಕೂರುವ ಜಾಗದಲ್ಲೇ ಗೋಡೆಗೆ ಆನಿಸಿ ಕೂರಿಸಿದರು. ಅವರು ಕಣ್ಣು ಮುಚ್ಚಿ ಕಲ್ಲಾದರು. "ಮೌನದಲ್ಲಿ ಕೆಲವರಿಗೆ ಅಳು ಬರುತ್ತೆ. ತಡೆಯಬೇಡಿ," ಎಂದು ಹೇಳಿ ಮೇಡಂ ತಾವೂ ಕಣ್ಣು ಮುಚ್ಚಿದರು.

ಲೋಬಾನದ ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು ಇಳಿಯತೊಡಗಿತು. ಅಷ್ಟು ಹೊತ್ತಿಗೆ ಬಚ್ಚಲ ಜಗಳದ ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿದಳು. ಅವಳನ್ನು ಮಾತ್ರ ನಾನು ಬೇಕೆಂದೇ ಕರೆದಿರಲಿಲ್ಲ.

ನಮ್ಮಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಬಳಿದು, ರುಮಾಲು ಸುತ್ತಿ, ಹಾರ ಹಾಕುತ್ತಾರೆ. ಸುತ್ತ ಹೆಂಗಸರು ಕೂರುತ್ತಾರೆ. ಇದು ನನಗೆ ಹೊಳೆದದ್ದು ಆಕೆ ಎದೆ ಬಡಿದುಕೊಂಡ ಮೇಲೆ.

"ಯಣ್ಣಾ, ನಿನ್ನೆ ಸಂಜೀಕ ನನ್ನ ಹತ್ರ ಎಲಿ ಅಡಿಕಿ ಇಸ್ಗೊಂಡು ಹೋದ್ಯಲ್ಲೋ ಯಣ್ಣಾ."

ನಾನು ಬಾಯಿ ತೆರೆದರೆ ಖೋಲಿ ಹೋಯಿತು. ಅಲ್ಲ ಅಲ್ಲ ಎಂದು ಜೋರಾಗಿ ತಲೆ ಆಡಿಸಿದೆ. ಸೊಸೆ ತಲೆ ಆಡಿಸುತ್ತಿದ್ದಾಳೆ, ಜೀವ ಇಲ್ಲವಂತೆ ಎಂದುಕೊಂಡು ಆಕೆ ಓಣಿಗೆಲ್ಲ ಕೇಳುವಂತೆ ದನಿ ಎತ್ತಿದಳು. ಅತ್ತೆ ಸುಮ್ಮನಿರು ಎಂದು ತುಟಿಯ ಮೇಲೆ ಬೆರಳಿಟ್ಟರು. "ಪಾಪ, ದುಃಖಕ್ಕ ಮಾತೇ ಬರವಲ್ವು," ಎಂದು ಆಕೆ ಅತ್ತೆಯನ್ನು ತಬ್ಬಿಕೊಂಡಳು. ಬಚ್ಚಲ ಜಗಳ ಅಲ್ಲಿಗೆ ಮುಗಿಯಿತು. ಮೇಡಂ ಅರ್ಧ ಕಣ್ಣು ತೆರೆದು, ಅಳುವನ್ನು ನೋಡಿ, ತೃಪ್ತಿಯಿಂದ ಮತ್ತೆ ಮುಚ್ಚಿಕೊಂಡರು.

ಓಣಿ ತುಂಬಿತು. ಒಬ್ಬರು ಹಾರ ತಂದರು, ಇನ್ನೊಬ್ಬರು ಕಾಲಿಗೆ ಬಿದ್ದರು. ನನ್ನ ಗಂಡನ ಚಿಕ್ಕಪ್ಪ ಎಲ್ಲ ಕೆಲಸಕ್ಕೂ ಮುಂದೆ ನಿಲ್ಲುವ ಮನುಷ್ಯ. ಬಾಗಿಲಿಂದಲೇ ಕೈಮುಗಿದು ಫೋನ್ ಹಚ್ಚಿದರು. ಸಾವಿಗೆ ಹಲಗೆ ಬಾರಿಸುವವರಿಗೆ ಒಂದು, ಭಜನೆಯವರಿಗೆ ಒಂದು. ರಸ್ತೆ ಕೆಲಸಕ್ಕೆ ಬಂದಿದ್ದ ಜೆಸಿಬಿಯವನಿಗೆ ಇನ್ನೊಂದು: "ಲೇ, ನಮ್ಮ ಹೊಲಕ್ಕ ಹೋಗಿ ಮಣ್ಣು ಮಾಡಾಕ ಒಂದು ಕುಣಿ ತೋಡಲೇ, ಲಗೂನ." ಸಾಹೇಬರು ಕದಲಲಿಲ್ಲ. ಅಂಥ ಅಭ್ಯಾಸ ಅವರದು. ನನಗೇ ಒಮ್ಮೆ ಅನುಮಾನ ಬಂದು ಅವರು ಉಸಿರಾಡುತ್ತಿದ್ದಾರೋ ಎಂದು ನೋಡಿದೆ.

ಹೋಟೆಲಿನಲ್ಲಿ ಮಾವನಿಗೆ ಯಾರೋ ಹೇಳಿದ್ದಾರೆ, ನಿಮ್ಮ ಮನೆಯಲ್ಲಿ ಯಾರೋ ಹೋಗಿದ್ದಾರಂತೆ ಎಂದು. ಅತ್ತೆಯೇ ಹೋದಳೆಂದು ಅಳುತ್ತಾ ಓಡಿಬಂದರು. ಜನರನ್ನು ಸೀಳಿಕೊಂಡು ಒಳಗೆ ಬಂದು ನೋಡಿದರೆ ಅತ್ತೆ ಕೂತಿದ್ದಾರೆ. ಗೋಡೆಯ ಕಡೆ ನೋಡಿದರು. ಅಳು ನಿಂತಿತು.

"ಯಾವನವಾ ಇಂವ," ಅಂದರು, "ನನ್ನ ರುಮಾಲು ಸುತ್ಕೊಂಡು ಸತ್ತಾನ?"

ಹೆಣವಾಗಿ ಕೂರಿಸಿದ್ದವರೇ ಎದುರಿಗೆ ನಿಂತು ಮಾತಾಡಿದರೆ ಯಾರಿಗೆ ಜೀವ ಇರುತ್ತದೆ? ಹೆಂಗಸರು ಚೀರಿದರು. ಹೊರಗೆ ಹಲಗೆ ಶುರುವಾಯಿತು. ಗಾಬರಿಗೆ ಮೇಡಂ ಗಂಟೆ ಹೊಡೆದರು. ಗಂಟೆ ಕೇಳಿದ ಸಾಹೇಬರು ನಿಧಾನವಾಗಿ ಕಣ್ಣು ತೆರೆದು, ಎದ್ದು ನಿಂತು, ಎಲ್ಲರಿಗೂ ಕೈಮುಗಿದರು. ಪಕ್ಕದ ಮನೆಯಾಕೆ ಬಚ್ಚಲ ನೀರಿನಲ್ಲೇ ಬಿದ್ದು ಓಡಿದಳು.

ಖೋಲಿ ಹೋಯಿತು ಎಂದುಕೊಂಡು ಕಾರಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಸಾಹೇಬರು ಏನೋ ಹೇಳಿದರು. ಮೇಡಂ ನನಗೆ ತಿಳಿಸಿದರು: "ಇಷ್ಟು ದೇಶ ತಿರುಗಿದರೂ ನನ್ನ ಮೌನಕ್ಕೆ ಜನ ಹೀಗೆ ಅತ್ತಿದ್ದು ನೋಡಿಲ್ಲ ಅಂತಿದ್ದಾರೆ. ವಾದ್ಯ ಬೇರೆ ತರಿಸಿದ್ದೀರಿ. ಇದನ್ನೆಲ್ಲ ಯಾರು ಏರ್ಪಾಡು ಮಾಡಿದ್ದು?"

"ಜನ ತಾವಾಗೇ ಬಂದ್ರು ಮೇಡಂ," ಅಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಖೋಲಿ ಸಿಕ್ಕಿತು. ಮುರಿದ ಕುರ್ಚಿಗಳು ಹೊರಗೆ, ನಾವು ಮೂವರು ಒಳಗೆ. ಮಗಳು ಈಗ ಬೆಳಿಗ್ಗೆ ನನ್ನ ಮುಖ ನೋಡಿ ಏಳುತ್ತಾಳೆ, ಮುಖ ನೋಡುತ್ತಲೇ ಹಟ ಶುರುಮಾಡುತ್ತಾಳೆ. ಅದು ಬೇರೆ ಗೋಳು.

ಕುಣಿ ಮಾತ್ರ ಹಾಗೇ ಇದೆ. ತೋಡಿದ ಕುಣಿಯನ್ನು ಖಾಲಿ ಬಿಡಬಾರದು, ಬರಿದೇ ಮುಚ್ಚಲೂಬಾರದು ಎಂದು ಊರಲ್ಲಿ ನಂಬಿಕೆ. ಚಿಕ್ಕಪ್ಪ ಅದರ ಸುತ್ತ ಮುಳ್ಳು ಹಾಕಿಸಿದ್ದಾರೆ. ರಜೆಗೆ ಕುರುಗೋಡಿಗೆ ಹೋದಾಗಲೆಲ್ಲ ಮಾವ ಬಸ್ ಸ್ಟ್ಯಾಂಡಿಗೇ ಬಂದು ನಿಂತಿರುತ್ತಾರೆ. ಮೊಮ್ಮಗಳನ್ನು ಎತ್ತಿಕೊಳ್ಳುವುದಿಲ್ಲ, ನನ್ನ ಚೀಲ ಇಸಿದುಕೊಳ್ಳುವುದಿಲ್ಲ. ಮೊದಲು ಪಕ್ಕಕ್ಕೆ ಕರೆಯುತ್ತಾರೆ.

"ಯವಾ, ಊರ ಮಂದಿ ಎಲ್ಲಾ ನನ್ನನ್ನ ಒಂಥರಾ ನೋಡಾಕ ಹತ್ಯಾರ. ನಿಮ್ಮ ದಿಲ್ಲಿ ಸಾಹೇಬ್ರು ಮತ್ತ ಯಾವಾಗ ಬರ್ತಾರ?"