ರಾಡಿ ನೀರಿನ ಬಾಟ್ಲಿಗಳು

ಹೊಳಿ ಎಷ್ಟು ಮಣ್ಣು ಹೊತಗೊಂಡು ಹೋಗತೈತಿ, ತಳ ಎಲ್ಲಿ ಏರೈತಿ, ಎಲ್ಲಿ ಇಳದೈತಿ ಅಂತ ಅಳಿಯೂದು ನನ್ನ ಕೆಲಸ. ಇದರಾಗ ನಗೂವಂಥಾದ್ದೇನು ಬಂತು ಅಂತೀರಿ? ಮಳಿಗಾಲ ಶುರು ಆತಂದ್ರ ನಗಿ ನಾವು ಕರೀದಿದ್ರೂ ನಮ್ಮ ಜೀಪ ಹತ್ತತೈತಿ.

ಈ ವರ್ಷ ಮಾತ್ರ ಎದಿಯಾಗ ಅಂಜಿಕಿ ಇತ್ತು. ಡ್ಯಾಮಿನ ಗೇಟ ತಗದು ನೀರು ಏರೂ ಹೊತ್ತಿನ್ಯಾಗನ ಹೊಳಿ ಭಾಳ ಮಣ್ಣು ಒಯ್ಯೂದು. ಆ ನೀರು ಬಾಟ್ಲಿಗೆ ಹಿಡೀಬೇಕು. ಹೋದ ವರ್ಷ ನಾವು ಮುಟ್ಟೂದ್ರಾಗ ನೀರು ಇಳದಿತ್ತು. "ಈ ಸಲಾನೂ ತಪ್ಪಿತಂದ್ರ ಈ ಕೆಲಸನ ಬಂದ್ ಮಾಡಸ್ತೇನಿ ನೋಡ," ಅಂತ ನಮ್ಮ ಹಿರೀ ಸಾಹೇಬರು ಖಡಕ್ ಹೇಳಿದ್ರು.

ಎದ್ದ ದಿಬ್ಬ

ಮಳಿಗಿಂತ ಮೊದಲ ರಾಮದುರ್ಗದ ಕಡೆ ಹೊಳಿ ತಳ ಅಳಿಯಾಕ ಹೋದ್ವಿ. ನಮ್ಮದು ಬಿಳಿ ಜೀಪು, ಮುಂದ ಸರಕಾರಿ ಬೋರ್ಡು. ಅಲ್ಲಿ ಕದ್ದು ಉಸುಕು ತುಂಬಾಕ ಹತ್ತಿದ್ದ ಟ್ರ್ಯಾಕ್ಟರಿನವರು ನಮ್ಮನ್ನ ನೋಡಿದ್ದ ತಡ, ರೇಡ್ ಬಂತಂತ ತಿಳದು ತುಂಬಿದ ಉಸುಕೆಲ್ಲಾ ಹೊಳ್ಯಾಗ ಸುರುವಿ ಓಟ ಕಿತ್ತರು. "ನಿಲ್ರೋ, ನಾವು ಅವರಲ್ಲ!" ಅಂತ ಕೂಗಿದೆ. ಕೂಗಿದಷ್ಟೂ ಜೋರ ಓಡಿದ್ರು.

ಅಳತಿ ಮುಗಿಸಿ ಬಂದ್ವಿ. ನಕ್ಷಿ ನೋಡಿದ ಸಾಹೇಬರು ಚಷ್ಮಾ ತಗದು ಮತ್ತ ಹಾಕ್ಕೊಂಡ್ರು.

"ಅಲ್ಲೋ, ನಟ್ಟನಡು ಹೊಳ್ಯಾಗ ದಿಬ್ಬ ಎದ್ದೈತಿ! ಪ್ರವಾಹನ ಬಂದಿಲ್ಲ, ಇದೆಲ್ಲಿಂದ ಬಂತು?"

"ಪ್ರವಾಹ ಬಂದಿಲ್ಲರೀ ಸರ, ನಾವು ಬಂದಿದ್ವಿ."

ಉಡಿ ತುಂಬಿದ ಪಟ್ಟಿ

ಸವದತ್ತಿ ಕಡೆ ಒಂದೂರಾಗ ನೀರಿನ ಮಟ್ಟ ನೋಡಾಕ ಅಂಕಿ ಬರದ ಪಟ್ಟಿ ನೆಟ್ಟೀವಿ. ಹೊಸಾ ನೀರು ಬಂದ ದಿನ ಹೋಗಿ ನೋಡ್ತೇನಿ, ಪಟ್ಟಿಗೆ ಅರಿಷಿಣ, ಕುಂಕುಮ, ಮ್ಯಾಲ ಹಸರ ಖಣ ಸುತ್ತ್ಯಾರ. ಒಂದು ಅಂಕೀನೂ ಕಾಣವಲ್ದು! ದಂಡಿಮ್ಯಾಲ ಆಯಿ ಒಬ್ಬಾಕಿ ಕುಂತಿದ್ಲು.

"ಆಯೀ, ಖಣ ಒಂಚೂರು ಸರಸ್ಲೇನ್ರಿ? ನೀರು ಅಳೀಬೇಕಾಗೈತಿ."

"ಯಪ್ಪಾ, ಗಂಗವ್ವ ಬಸರಿ ಅದಾಳಂತ ಉಡಿ ತುಂಬೀವಿ. ಬಸರಿ ಹೆಣಮಗಳ ಸೀರಿ ಸರಿಸಿ ಹೊಟ್ಟಿ ಅಳೀತಿಯೇನೋ? ನಿನಗ ಅಕ್ಕತಂಗೇರಿಲ್ಲೇನು?"

ಚಾಚಿಯ ಉಪಚಾರ

ಅಂತೂ ಗೇಟ ತಗದ್ರು. ನಾನೂ, ನಮ್ಮ ಜೀಪಿನ ಡ್ರೈವರ್ ಚಾಚಾನೂ ಮಳ್ಯಾಗ ತೊಯ್ಸಿಕೊಂಡು, ಹೊಳಿ ದಾಟೂ ಪೂಲಿನ ಮ್ಯಾಲಿಂದ ಹಗ್ಗಕ್ಕ ಬಾಟ್ಲಿ ಕಟ್ಟಿ ಇಳಿಬಿಟ್ಟು, ಏರೂ ನೀರು ಹಿಡದ್ವಿ. ಕೆಂಪನ ರಾಡಿ! ನನಗ ಕುಣೀಬೇಕನಸ್ತು.

ಬರೂ ಮುಂದ ಬೈಲಹೊಂಗಲದಾಗ ಚಾಚಾನ ಮನ್ಯಾಗ ಚಾ ಕುಡ್ಯಾಕ ಇಳದ್ವಿ. ಜೀಪಿನ ಬಾಗಲಕ್ಕ ಚಿಲಕ ಇರಲಿಲ್ಲಂತ ಬಾಟ್ಲಿ ಒಳಗ ತಂದಿಟ್ವಿ. ಅವನ ಹೆಂಡ್ತಿ ಚಾಚಿ ಬಿಸಿ ರೊಟ್ಟಿ ಹಾಕಿದ್ರು. ಉಂಡು ಹಂಗ ಗ್ವಾಡಿಗೆ ಒರಗಿದೆ, ನಿದ್ದಿ ಹತ್ತಿತು.

ಎದ್ದು ನೋಡ್ತೇನಿ, ಬಾಟ್ಲಿಗಳು ಕಿಡಕ್ಯಾಗ ಫಳಫಳ ಹೊಳ್ಯಾಕ ಹತ್ತ್ಯಾವು!

"ಸಾಬ್, ಇಂಥಾ ರಾಡಿ ಕುಡದ್ರ ಹೊಟ್ಟಿ ಗತಿ ಏನ್ರಿ?" ಅಂದ್ರು ಚಾಚಿ. "ಹೊಳಿ ನೀರಿಗೆ ನಾವು ಮಾಡೂ ಹಂಗ ಪಟಿಕ ಆಡಿಸಿ, ಮಣ್ಣು ಕುಂದರಿಸಿ, ತಿಳಿ ನೀರು ಸೋಸಿ ತುಂಬೀನಿ."

"ಮಣ್ಣು? ಮಣ್ಣೆಲ್ಲೈತಿ ಚಾಚೀ?"

"ಗುಲಾಬಿ ಕುಂಡಕ್ಕ ಹಾಕೀನ್ರಿ. ಭಾಳ ಚಲೋ ಮಣ್ಣು!"

ನಾನು ಅಳೂದೊಂದ ಬಾಕಿ. ಚಾಚಾ ಹಣಿ ಹಣಿ ಬಡಕೊಂಡ. ವಿಷಯ ತಿಳದು ಚಾಚಿ ಪಾಪ ಬಿಳಿಚಿಕೊಂಡ್ರು. ಅಷ್ಟರಾಗ ಫೋನ್ ಬಂತು: ಡ್ಯಾಮಿನಿಂದ ಇನ್ನಷ್ಟು ನೀರು ಬಿಡಾಕ ಹತ್ತ್ಯಾರ. ಬದುಕಿದೆ ಅಂದೆ! ಚಾ ಬಿಟ್ಟು ಓಡಿದ್ವಿ. ಮತ್ತ ಏರೂ ನೀರು ಸಿಕ್ಕಿತು. ಆ ಬಾಟ್ಲಿ ತೊಡಿಮ್ಯಾಲ ಇಟಗೊಂಡು ಸೀದಾ ಬೆಳಗಾವಿ ಲ್ಯಾಬಿಗೆ ಹೋದ್ವಿ.

ಲ್ಯಾಬಿನ ಒಳಗ ಏನು ಮಾಡತಾರಂತ ಅಲ್ಲೀತನಕ ನಾನೂ ನೋಡಿರಲಿಲ್ಲ. ಅಲ್ಲೇ ಕಾಯಾಕ ಹತ್ತಿದ್ದ ಸಾಹೇಬರಿಗೆ ಹಿಡಸಲಾರದಷ್ಟು ಖುಷಿ. "ಶಾಬಾಷ್! ಇನ್ನ ಕೆಲಸ ಬಂದ್ ಆಗೂದಿಲ್ಲ," ಅಂದು ಲ್ಯಾಬಿನವನ ಕಡೆ ತಿರುಗಿದ್ರು. "ತಡಾ ಮಾಡಬ್ಯಾಡ. ಪಟಿಕ ಹಾಕು, ಮಣ್ಣು ಕುಂದರ್ಲಿ, ಮ್ಯಾಲಿನ ತಿಳಿ ನೀರು ಬಸಿ, ತಳದ ಮಣ್ಣು ತೂಗು."

ನಾನೂ ಚಾಚಾನೂ ಮಕಾ ಮಕಾ ನೋಡಿದ್ವಿ.

ಚಾಚಾ ಟೋಪಿ ಸರಿ ಮಾಡಕೊಂಡು ಮುಂದ ಬಂದ. "ಸಾಹೇಬ್ರ, ನನ್ನ ಹೆಂಡ್ತೀನ ಈ ಕೆಲಸಕ್ಕ ತಗೋರಿ. ಗುಲಾಬಿ ಕುಂಡ ಅಷ್ಟ ದೂರ ಇಡ್ರಿ!"