ಟ್ಯೂಬ್ ತೆಗೆದ ದಿನ

ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದಿಂಚಿನ ಮೊಳೆ. ಅದನ್ನು ಮೀಟರಣ್ಣನ ಕೈಗೆ ಯಾರೂ ಕೊಟ್ಟಿರಲಿಲ್ಲ. ಆಫೀಸಿನ ನೋಟಿಸ್ ಬೋರ್ಡಿನಿಂದ ತಾನೇ ಕಿತ್ತುಕೊಂಡು ಬಂದು, ಬೆಳಗ್ಗೆ ಒಂಬತ್ತಕ್ಕೆ ಸಹೋದ್ಯೋಗಿಗಳೆಲ್ಲರ ಎದುರು ಎದೆಯುಬ್ಬಿಸಿ ನಿಂತು, ತನ್ನ ಸೈಕಲ್ಲಿಗೆ ಹಾಕಿಸಿದ್ದ ಎರಡು ಹೊಚ್ಚಹೊಸ ಟೈರುಗಳಲ್ಲಿ ಮುಂದಿನದಕ್ಕೆ ಚುಚ್ಚಿದ.

"ಕಣ್ಬಿಟ್ಟು ನೋಡ್ರೋ! ಟ್ಯೂಬ್‌ಲೆಸ್ಸು ಇದು. ಮೊಳೆಯಲ್ಲ, ಹಾರೆ ಹಾಕಿದ್ರೂ ಏನೂ ಆಗಲ್ಲ!"

ಮೊಳೆ ಕಿತ್ತ. 'ಸುಸ್ಸ್' ಎಂದಿತು. ಹಾರೆಗೂ ಅಂಜದ ಟೈರು ಉಪವಾಸದ ಹೊಟ್ಟೆಯ ಹಾಗೆ ಒಳಕ್ಕೆ ಹೋಯಿತು.

ಎಲ್ಲರಿಗಿಂತ ಜೋರಾಗಿ ನಕ್ಕವನು ಗೊರಕೆ. ದಿನಾ ಮಧ್ಯಾಹ್ನ "ಸೈಕಲ್ ಪಂಕ್ಚರ್ ಸಾರ್" ಎಂದು ಹೇಳಿ ಪಂಪ್‌ಹೌಸಿನ ಹಿಂದೆ ಮಲಗುವುದರಿಂದ ಅವನಿಗೆ ಆ ಹೆಸರು. "ಅಣ್ಣಾ, ಸಂಜೆ ನಾಲ್ಕಕ್ಕೆ ಸಾಹೇಬ್ರ ಮುಂದೆ ಹೀಗೇ ಚುಚ್ಚಿ ತೋರ್ಸು. ಚೆನ್ನಾಗಿತ್ತು!"

ಮೀಟರಣ್ಣನ ಜೀವ ಬಾಯಿಗೆ ಬಂತು. ಹದಿನಾಲ್ಕು ವರ್ಷ ಮನೆ ಮನೆಯ ಗುಂಡಿಗೆ ಬಗ್ಗಿ ನೀರಿನ ಮೀಟರ್ ಓದಿ ಓದಿ ಅವನ ಸೊಂಟ ಪ್ರಶ್ನಾರ್ಥಕ ಚಿಹ್ನೆಯಾಗಿತ್ತು. ಹೋದ ತಿಂಗಳು ಆಫೀಸಿನ ಸೈಕಲ್ ಶೆಡ್ಡಿನ ಮೇಲ್ವಿಚಾರಕರು ನಿವೃತ್ತರಾಗಿ ಒಂದು ಕುರ್ಚಿ ಖಾಲಿಯಾಗಿತ್ತು. ಕೈಯಿರುವ ಕುರ್ಚಿ, ತಲೆಯ ಮೇಲೆ ಫ್ಯಾನು. ಇಪ್ಪತ್ತು ಸೈಕಲ್ಲುಗಳ ಪಂಕ್ಚರ್ ಹಾಕಿಕೊಂಡು ಕೂತರಾಯಿತು, ಗುಂಡಿಯ ಮುಖ ನೋಡಬೇಕಾಗಿಲ್ಲ. ತನಗೆಷ್ಟು ಸೈಕಲ್ ಜ್ಞಾನವಿದೆ ಎಂದು ಸಾಹೇಬರಿಗೆ ತೋರಿಸಲೆಂದೇ ಈ ಟೈರಿನ ಮಾತೆತ್ತಿದ್ದ. "ನಾಳೆ ಸಂಜೆ ಮೊಳೆ ಮೇಲೆ ಓಡ್ಸಿ ತೋರ್ಸು. ಆಮೇಲೆ ಆ ಕುರ್ಚಿ ವಿಷಯ ತೀರ್ಮಾನ ಮಾಡೋಣ" ಎಂದಿದ್ದರು ಅವರು. ಆ ನಾಳೆ ಇವತ್ತಾಗಿತ್ತು.

ಸೈಕಲ್ ತಳ್ಳಿಕೊಂಡು ಟೈರು ಕೊಂಡಿದ್ದ ಅಂಗಡಿಗೆ ಓಡಿದ. ಅಂಗಡಿಯವನು ಟೈರಿನ ಅಂಚೆತ್ತಿ ಒಳಗಿಂದ ಹಾವಿನಂಥ ಕಪ್ಪು ಟ್ಯೂಬ್ ಎಳೆದ.

"ಟ್ಯೂಬ್‌ಲೆಸ್ ಅಂದ್ರಲ್ರೀ! ಇದೇನಿದು?"

"ಈ ಟೈರಿಗೆ ಟ್ಯೂಬ್ ಹಾಕಿಯೂ ಓಡಿಸ್ಬಹುದು, ತೆಗೆದೂ ಓಡಿಸ್ಬಹುದು. ಹಾಕಿದ್ರೆ ಚುಚ್ಚಿದ ಕೂಡ್ಲೇ ಗಾಳಿ ಹೋಗುತ್ತೆ. ತೆಗೆದು, ಔಷಧಿ ಹಾಕಿದ್ರೆ ತೂತು ತಾನೇ ಮುಚ್ಕೊಳ್ಳುತ್ತೆ."

"ನಿನ್ನೆ ಬಾಯಿಗೇನಾಗಿತ್ತು?"

"ಕೇಳಿದ್ರೆ ಹೇಳ್ತಿದ್ದೆ. 'ನನಗೆಲ್ಲಾ ಗೊತ್ತು, ಬೇಗ ಹಾಕು' ಅಂದ್ರಿ."

ಅವನ ಗಾಳಿ ಯಂತ್ರ ಕೆಟ್ಟು ರಿಪೇರಿಗೆ ಹೋಗಿತ್ತು. ರಿಮ್ಮಿಗೆ ಸುತ್ತುವ ಟೇಪು, ಎರಡು ವಾಲ್ವು, ಹಾಲಿನಂಥ ಔಷಧಿಯ ಬಾಟಲಿ ಕೈಗಿಟ್ಟು, "ಒಂದೇ ಉಸಿರಿಗೆ ಜೋರಾಗಿ ಗಾಳಿ ನುಗ್ಗಬೇಕು, ಆಗ ಟೈರಿನ ಅಂಚು ರಿಮ್ಮಿಗೆ ಕೂರುತ್ತೆ" ಎಂದು ಕಳಿಸಿದ.

ಮನೆಯಂಗಳದಲ್ಲಿ ಭಾವಮೈದುನ ಅಂಗಿಯ ತೋಳು ಮಡಚಿ ಸಿದ್ಧನಾದ. "ಪಕ್ಕಕ್ಕೆ ಸರೀರಿ ಭಾವ. ಇದ್ರ ವಿಡಿಯೋ ನೋಡಿದೀನಿ ನಾನು."

"ಪೂರ್ತಿ ನೋಡಿದೀಯೇನೋ?"

"ಅರ್ಧ."

ಆ ಅರ್ಧ ಜ್ಞಾನದಲ್ಲೇ ಎರಡೂ ಚಕ್ರದ ಟ್ಯೂಬ್ ಕಿತ್ತು, ಟೇಪು ಸುತ್ತಿ, ಔಷಧಿ ಸುರಿದು ಕಾಲುಪಂಪು ಹಿಡಿದರು. ಮೀಟರಣ್ಣ ಒತ್ತಿದ, ಭಾವಮೈದುನ ಒತ್ತಿದ, ದಾರಿಯಲ್ಲಿ ಹೋಗುತ್ತಿದ್ದವರೂ ಬಂದು ಒತ್ತಿದರು. ಈ ಕಡೆ ನುಗ್ಗಿದ ಗಾಳಿ ಆ ಕಡೆಯಿಂದ ಆರಾಮಾಗಿ ಹೊರಟುಹೋಗುತ್ತಿತ್ತು.

"ಟ್ಯೂಬೇ ಇಲ್ದೆ ಗಾಳಿ ಯಾವುದ್ರೊಳಗೆ ನಿಲ್ಬೇಕಪ್ಪ?" ಎಂದಳು ಪಕ್ಕದ ಮನೆಯ ಅಜ್ಜಿ.

"ಅಜ್ಜಿ, ನೀವು ಸುಮ್ನಿರಿ!" ಎಂದು ಹೆಂಡತಿ ಬಕೆಟ್ಟಿನ ತುಂಬ ಸೋಪಿನ ನೀರು ತಂದು ಅಂಚಿಗೆ ಸುರಿದಳು. "ಕುರ್ಚಿ ಸಿಕ್ರೆ ಇವ್ರ ಸೊಂಟ ತಿಕ್ಕೋದು ನನಗೆ ತಪ್ಪುತ್ತೆ. ಹೊಡೀರೋ ಗಾಳಿ!"

ಗಂಟೆ ಎರಡಾಯಿತು, ಎರಡೂವರೆಯಾಯಿತು. ಕೊನೆಗೆ ಒಬ್ಬೊಬ್ಬರು ಒಂದೊಂದು ಚಕ್ರ ಹೆಗಲಿಗೇರಿಸಿಕೊಂಡು ಲಾರಿ ಟೈರಿನ ವರ್ಕ್‌ಶಾಪಿಗೆ ಓಡಿದರು. ಲಾರಿಗೆ ಬಿಡುವ ಗಾಳಿಯನ್ನು ಅಲ್ಲಿನ ಮೇಸ್ತ್ರಿ ಹಾಗೇ ಬಿಟ್ಟ. ಢಮಾರ್! ಟೈರು ರಿಮ್ಮಿನಿಂದ ಹಾರಿತು. ಔಷಧಿಯೆಲ್ಲ ಭಾವಮೈದುನನ ಮುಖಕ್ಕೆ. ಪಾಪ, ಆಗಷ್ಟೇ ಸುಣ್ಣ ಹೊಡೆದ ಗೋಡೆಗೆ ಎರಡು ಕಣ್ಣು ಬರೆದಂತೆ ನಿಂತಿದ್ದ.

"ಭಾವ, ವಿಡಿಯೋದ ಇನ್ನರ್ಧದಲ್ಲಿ ಇದೇ ಇತ್ತು ಅನ್ಸುತ್ತೆ."

ಬಾಟಲಿಯಲ್ಲಿ ಉಳಿದದ್ದನ್ನು ಹಾಕಿ, ಈ ಸಲ ಎರಡೂ ಚಕ್ರಕ್ಕೆ ಹದವಾಗಿ ಗಾಳಿ ಬಿಟ್ಟರು. ಟಕ್! ಟಕ್! ಅಂಚು ರಿಮ್ಮಿಗೆ ಕಚ್ಚಿಕೊಂಡಿತು. ಮೀಟರಣ್ಣ ಕುಣಿದುಬಿಟ್ಟ. ಮೇಸ್ತ್ರಿಯೂ ಯಾಕೆಂದು ಗೊತ್ತಿಲ್ಲದೆ ಕುಣಿದ.

ನಾಲ್ಕಕ್ಕೆ ಎರಡು ನಿಮಿಷವಿರುವಾಗ, ಮೈತುಂಬ ಬಿಳಿ ಚುಕ್ಕೆ ಹೊತ್ತ ಮೀಟರಣ್ಣ ಚಕ್ರ ಜೋಡಿಸಿದ ಸೈಕಲ್ಲಿನಲ್ಲಿ ಆಫೀಸಿನ ಅಂಗಳಕ್ಕೆ ನುಗ್ಗಿದ. ಗೊರಕೆ ಬಲು ಪ್ರೀತಿಯಿಂದ ಹಲಗೆಯೊಂದಕ್ಕೆ ಸಾಲಾಗಿ ಮೊಳೆ ಹೊಡೆದು ಇಟ್ಟಿದ್ದ. ಸಾಹೇಬರು ಕನ್ನಡಕ ಏರಿಸಿ ನಿಂತರು.

ಮೀಟರಣ್ಣ ಉಸಿರು ಬಿಗಿಹಿಡಿದು ಹಲಗೆ ಹತ್ತಿಸಿದ. ಬುಸ್, ಬುಸ್, ಬುಸ್! ಎರಡೂ ಚಕ್ರದಿಂದ ಬಿಳಿ ಹನಿ ಚಿಮ್ಮಿತು.

"ಹೋಯ್ತು!" ಎಂದು ಗೊರಕೆ ಚಪ್ಪಾಳೆ ತಟ್ಟಿದ.

ಹೋಗಲಿಲ್ಲ. ಅಂಗಳಕ್ಕೆ ಎರಡು ಸುತ್ತು ಬರುವಷ್ಟರಲ್ಲಿ ಬುಸುಗುಟ್ಟುವುದು ನಿಂತಿತು. ಮತ್ತೆ ಹತ್ತಿಸಿದ, ಮತ್ತೆ ನಿಂತಿತು. ಸಾಹೇಬರು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಟೈರು ಕಲ್ಲಿನ ಹಾಗಿತ್ತು.

"ಭಲೇ! ಇಪ್ಪತ್ತೂ ಸೈಕಲ್ಲಿಗೆ ಇದನ್ನೇ ಹಾಕ್ಸೋಣ. ಇನ್ಮೇಲೆ ಪಂಕ್ಚರ್ ಅಂತ ಯಾರಾದ್ರೂ ಬಾಯಿಬಿಟ್ರೆ ಹುಷಾರ್!"

ಗೊರಕೆಯ ಮುಖ ಹರಳೆಣ್ಣೆ ಕುಡಿದಂತಾಯಿತು. ಮೀಟರಣ್ಣ ಅಂಗಿ ಕೊಡವಿಕೊಂಡು, ಸೊಂಟ ಆದಷ್ಟು ನೆಟ್ಟಗೆ ಮಾಡಿ, "ಸಾರ್... ಆ ಕುರ್ಚಿ ವಿಷಯ..." ಎಂದ.

"ಹಾಂ, ಅದೂ ತೀರ್ಮಾನವಾಯ್ತಲ್ಲ!" ಸಾಹೇಬರು ಅವನ ಬೆನ್ನು ಚಪ್ಪರಿಸಿದರು. "ಪಂಕ್ಚರೇ ಆಗಲ್ಲ ಅಂತ ನೀನೇ ತೋರಿಸ್ಕೊಟ್ಟೆ. ಇನ್ನು ಪಂಕ್ಚರ್ ಹಾಕೋಕೆ ಒಬ್ಬ ಮೇಲ್ವಿಚಾರಕ ಯಾಕೆ? ಆ ಹುದ್ದೆ ರದ್ದು. ಕುರ್ಚಿನ ಹುಷಾರಾಗಿ ಹೊತ್ಕೊಂಡು ಬಂದು ಮೇಲೆ ನನ್ನ ರೂಮಲ್ಲಿಡು."

ಕುರ್ಚಿ ತೇಗದ ಮರದ್ದು, ಮೆಟ್ಟಿಲು ಮೂವತ್ತೆರಡು. ಇನ್ನೊಂದು ತುದಿಗೆ ಕೈಹಾಕಿದವನು ಗೊರಕೆ. ಹದಿನಾರನೇ ಮೆಟ್ಟಿಲಲ್ಲಿ ಅವನು ಕುರ್ಚಿ ಕೆಳಗಿಟ್ಟ.

"ನೀನು ಕೂರೋದನ್ನೂ ಕಳ್ಕೊಂಡೆ, ನಾನು ಮಲಗೋದನ್ನೂ ಹಾಳು ಮಾಡ್ದೆ" ಎಂದ. "ಈಗ ಸರಿಯಾಗಿ ಎತ್ತೋ, ಮಹಾರಾಯ!"